ಮಗುವಿನ ಮುಖಕ್ಕೆ ಯಾರ ಒಪ್ಪಿಗೆ?

2013ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡಗಳು ವರ್ಷಕ್ಕೆ ಎರಡು ಸಲ ಅಂಗನವಾಡಿಗಳಿಗೂ ಒಂದು ಸಲ ಸರ್ಕಾರಿ ಶಾಲೆಗಳಿಗೂ ಹೋಗಿ, ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳಲ್ಲಿ ಮೂವತ್ತು ಬಗೆಯ ತೊಂದರೆಗಳನ್ನು ಹುಡುಕಬೇಕು. ರಟ್ಟೀಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸೀಳುತುಟಿಯ ಕೂಸು ಹುಟ್ಟಿದರೆ ಅದರ ತಂದೆತಾಯಿ ರಾಣೆಬೆನ್ನೂರಿನ ಮೇಲೆ ದಾವಣಗೆರೆಗೋ, ಹಾವೇರಿ, ಹುಬ್ಬಳ್ಳಿ ದಾಟಿ ಧಾರವಾಡದ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿಗೋ ಹೋಗಿ ತುಟಿ ಹೊಲಿಸಿಕೊಂಡು ಬರಬಹುದು. ಸೀಳುತುಟಿಯಿರುವ ಅದೇ ಮೂವತ್ತರ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಕೂಡ ಇದೆ. ಆ ಮಗುವಿನ ಮುಖವೂ ಮೊದಲ ನೋಟಕ್ಕೇ ಬೇರೆಯೆನಿಸುತ್ತದೆ, ಆದರೆ ಅದನ್ನು ಯಾವ ವೈದ್ಯರೂ ಮುಖ ತಿದ್ದಿಸಲು ಕಳುಹಿಸುವುದಿಲ್ಲ. ಒಂದು ಮುಖಕ್ಕೆ ಕತ್ತರಿ ಸರಿ, ಇನ್ನೊಂದಕ್ಕೆ ತಪ್ಪು ಎನ್ನುವುದಕ್ಕೆ ಆಧಾರವೇನೆಂದು ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಕಳೆದುಕೊಂಡ ಅಥವಾ ಹುಟ್ಟಿನಲ್ಲೇ ಕೂಡಿಕೊಳ್ಳದ ಅಂಗವನ್ನು ಸರಿಪಡಿಸುವುದು ಪುನರ್ರಚನಾ ಶಸ್ತ್ರಚಿಕಿತ್ಸೆ, ಕೆಲಸಕ್ಕೆ ಅಡ್ಡಿಯಿಲ್ಲದ ಅಂಗದ ರೂಪವನ್ನು ಮಾತ್ರ ಬದಲಿಸುವುದು ಸೌಂದರ್ಯ ಶಸ್ತ್ರಚಿಕಿತ್ಸೆ ಎಂದು ವೈದ್ಯಕೀಯ ಗ್ರಂಥಗಳು ವಿಂಗಡಿಸುತ್ತವೆಯಾದರೂ, ಸೀಳುತುಟಿಯ ಎದುರಿನಲ್ಲಿ ಈ ಗೆರೆ ಮಸುಕಾಗುತ್ತದೆ. ಗರ್ಭದ ನಾಲ್ಕರಿಂದ ಏಳನೆಯ ವಾರದೊಳಗೆ ಭ್ರೂಣದ ಮುಖದ ಎರಡೂ ಬದಿಯ ಉಬ್ಬುಗಳು ನಡುವಿನ ಉಬ್ಬಿನೊಡನೆ ಕೂಡಿಕೊಂಡು ಮೇಲ್ದುಟಿಯಾಗಬೇಕು. ಕೂಡದೆ ಉಳಿದರೆ ಸೀಳು. ಬಸುರಿ ಗ್ರಹಣದ ಹೊತ್ತಿನಲ್ಲಿ ಕುಡುಗೋಲೋ ಈಳಿಗೆಯೋ ಹಿಡಿದದ್ದರಿಂದ ಹೀಗಾಯಿತೆಂಬ ದೂರು ಇನ್ನೂ ತಾಯಂದಿರ ತಲೆಗೆ ಬರುತ್ತದೆ, ಆದರೆ ಎಷ್ಟೋ ಹೆಂಗಸರಿಗೆ ತಾವು ಬಸುರಿಯೆಂದು ಖಚಿತವಾಗುವಷ್ಟರಲ್ಲಿ ಈ ಕೂಡುವಿಕೆ ಮುಗಿದೇಹೋಗಿರುತ್ತದೆ. ಅಂಗುಳವೂ ಸೀಳಿದ್ದರೆ ಹಾಲು ಮೂಗಿನಿಂದ ಹೊರಬರುತ್ತದೆ, ನಡುಕಿವಿಯಲ್ಲಿ ದ್ರವ ನಿಂತು ಕಿವಿ ಮಂದವಾಗುತ್ತದೆ, ಮಾತು ಮೂಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಶಸ್ತ್ರಚಿಕಿತ್ಸೆಯ ಅಗತ್ಯದ ಬಗ್ಗೆ ತಕರಾರಿಲ್ಲ. ತುಟಿಯ ಸೀಳೊಂದೇ ಇದ್ದು ಅದೂ ಸಣ್ಣದಾಗಿದ್ದರೆ ಕೂಸು ಬಹುಪಾಲು ಹೇಗೋ ಹಾಲು ಕುಡಿಯುತ್ತದೆ. ಅದನ್ನು ಮೂರರಿಂದ ಆರು ತಿಂಗಳಲ್ಲಿ ಹೊಲಿಯುವುದರ ಹಿಂದೆ ತುಟಿಯ ಸ್ನಾಯುಗಳನ್ನು ಕೂಡಿಸುವ ಉದ್ದೇಶದ ಜೊತೆಗೆ ಮುಖ ಚೆನ್ನಾಗಿ ಕಾಣಲಿ ಎಂಬ ಉದ್ದೇಶವೂ ಇದೆಯೆಂಬುದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ.

ಡೌನ್ ಸಿಂಡ್ರೋಮಿನ ಕಥೆ ಬೇರೆ. ಜೀವಕೋಶದಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರಾಗಿರುವ ಈ ಸ್ಥಿತಿಯಲ್ಲಿ ಬುದ್ಧಿಯ ಬೆಳವಣಿಗೆ ನಿಧಾನವಾಗಿರುತ್ತದೆ, ಕಣ್ಣುಗಳು ಓರೆಯಾಗಿ ಮೇಲೆದ್ದಿರುತ್ತವೆ, ಮೂಗಿನ ದಂಡೆ ಚಪ್ಪಟೆಯಾಗಿರುತ್ತದೆ, ನಾಲಗೆ ಹೊರಗೆ ಚಾಚಿಕೊಂಡಿರುತ್ತದೆ. 1970ರ ದಶಕದ ಕೊನೆಯಿಂದ ಜರ್ಮನಿ, ಇಸ್ರೇಲ್ ಮೊದಲಾದ ದೇಶಗಳಲ್ಲಿ ಕೆಲವು ಶಸ್ತ್ರವೈದ್ಯರು ಇಂಥ ಮಕ್ಕಳ ನಾಲಗೆ ಕಿರಿದುಗೊಳಿಸಿ, ಕಣ್ಣಂಚಿನ ಮಡಿಕೆ ತೆಗೆದು, ಮೂಗು ಎತ್ತರಿಸಿದರು. ಮುಖದಲ್ಲಿ ಗುರುತು ಕಾಣದಿದ್ದರೆ ಜನ ಮಗುವನ್ನು ಹತ್ತಿರ ಸೇರಿಸಿಕೊಳ್ಳುತ್ತಾರೆ, ಮಾತೂ ಸ್ಪಷ್ಟವಾಗುತ್ತದೆ ಎಂಬುದು ಅವರ ವಾದವಾಗಿತ್ತು. ಆದರೆ ಈ ಮಕ್ಕಳ ನಾಲಗೆ ಸಾಮಾನ್ಯವಾಗಿ ನಿಜವಾಗಿ ದೊಡ್ಡದಲ್ಲ. ಬಾಯಿಯ ಗೂಡು ಕಿರಿದು, ಸ್ನಾಯುಗಳ ಬಿಗಿ ಕಡಿಮೆ, ಹಾಗಾಗಿ ಅದು ಹೊರಗೆ ಬರುತ್ತದೆ. 1987ರಲ್ಲಿ ಪ್ರಕಟವಾದ ಅಧ್ಯಯನವೊಂದು ನಾಲಗೆ ಕತ್ತರಿಸಿದ ಮೇಲೆ ಉಚ್ಚಾರಣೆ ಸುಧಾರಿಸಿದ್ದನ್ನು ಕಾಣಲಿಲ್ಲ. ಇತ್ತ, ಈ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ, ಕೆಲವರಿಗೆ ಕತ್ತಿನ ಮೇಲಿನ ಮೂಳೆಗಳ ಜೋಡಣೆ ಸಡಿಲವಾಗಿರುತ್ತದೆ; ಅರಿವಳಿಕೆ ಕೊಡುವುದೇ ಅವರಿಗೆ ಎಚ್ಚರಿಕೆಯ ವಿಷಯ. ಬುದ್ಧಿಯಲ್ಲಿ ಬದಲಾವಣೆಯಿಲ್ಲ, ಮಾತಿನಲ್ಲಿಯೂ ಇಲ್ಲ, ಬದಲಾದದ್ದು ನೋಡುವವರ ಕಣ್ಣಿಗೆ ಬೀಳುವ ಮುಖವಷ್ಟೇ ಎಂದಾದಾಗ, ನೋವನ್ನು ಮಗು ಹೊತ್ತು ಸಮಾಧಾನವನ್ನು ಇತರರು ಪಡೆದಂತಾಗುತ್ತದೆ.

ಕರ್ನಾಟಕದಲ್ಲಿ ಮಗುವಿನ ಒಪ್ಪಿಗೆಯ ಪ್ರಶ್ನೆ ದೊಡ್ಡದಾಗಿ ಕಾಣಿಸಿಕೊಂಡದ್ದು 2007ರ ನವೆಂಬರಿನಲ್ಲಿ. ಬಿಹಾರದ ಎರಡು ವರ್ಷದ ಬಾಲಕಿಯೊಬ್ಬಳ ಸೊಂಟಕ್ಕೆ ಅರ್ಧಕ್ಕೇ ಬೆಳೆದು ನಿಂತ ಅವಳಿಯ ದೇಹ ಅಂಟಿಕೊಂಡಿದ್ದು, ನಾಲ್ಕು ಕೈ ನಾಲ್ಕು ಕಾಲಿನ ಆ ಮಗುವನ್ನು ಊರಿನವರು ದೇವಿಯ ಅವತಾರವೆಂದು ಕೈಮುಗಿಯುತ್ತಿದ್ದರು. ಬೆಂಗಳೂರಿನ ಸ್ಪರ್ಶ್ ಆಸ್ಪತ್ರೆಯಲ್ಲಿ ಡಾ. ಶರಣ್ ಪಾಟೀಲ್ ಅವರ ಮುಂದಾಳತ್ವದಲ್ಲಿ ಮೂವತ್ತಕ್ಕೂ ಹೆಚ್ಚು ವೈದ್ಯರು ಇಪ್ಪತ್ತನಾಲ್ಕು ತಾಸಿಗೂ ಮೀರಿ ದುಡಿದು ಅವಳನ್ನು ಬಿಡಿಸಿದರು. ನಿಲ್ಲಲೂ ನಡೆಯಲೂ ಆಗದಿದ್ದ ಮಗುವಿಗೆ ಇದು ರೂಪದ ಮಾತಾಗಿರಲಿಲ್ಲ, ಬದುಕಿನ ಮಾತಾಗಿತ್ತು. ಆದರೂ ಅವಳ ಚಿತ್ರಗಳು ಮತ್ತು ಹೆಸರು ಲೋಕವೆಲ್ಲ ಹರಿದಾಡಿದ್ದಕ್ಕೆ ಅವಳ ಒಪ್ಪಿಗೆಯನ್ನು ಯಾರೂ ಪಡೆದಿರಲಿಲ್ಲ, ಎರಡು ವರ್ಷದ ಮಗುವಿನಿಂದ ಪಡೆಯುವಂತೆಯೂ ಇರಲಿಲ್ಲ.

ಯಾವುದು ವಿಕಾರ ಎಂಬುದನ್ನು ದೇಹವೊಂದೇ ನಿರ್ಧರಿಸುವುದಿಲ್ಲ. ಕೈಯಲ್ಲಿ ಆರನೆಯ ಬೆರಳಿದ್ದರೆ ಅದೃಷ್ಟವೆಂದು ಕೆಲವು ಮನೆಗಳಲ್ಲಿ ತೆಗೆಸುವುದೇ ಇಲ್ಲ, ಕಿರಿದಾದ ಕಿವಿಯನ್ನು ಮಾತ್ರ ಮದುವೆಯ ಚಿಂತೆಯಿಂದ, ಅದರಲ್ಲೂ ಹೆಣ್ಣುಮಗುವಾದರೆ, ಬೇಗ ಸರಿಪಡಿಸಬೇಕೆಂದು ಹಟ ಹಿಡಿಯುತ್ತಾರೆ. ಪಕ್ಕೆಲುಬಿನ ಮೃದ್ವಸ್ಥಿಯಿಂದ ಹೊಸ ಕಿವಿ ಕಟ್ಟಲು ಆ ಮೃದ್ವಸ್ಥಿ ಸಾಕಷ್ಟು ಬೆಳೆಯಬೇಕಾದ್ದರಿಂದ ಸುಮಾರು ಎಂಟು ಹತ್ತು ವರ್ಷದವರೆಗೆ ಕಾಯುವುದು ರೂಢಿ. ಅಷ್ಟರೊಳಗೆ ಮಾಡಬೇಕಾದ ನಿಜವಾದ ತುರ್ತಿನ ಕೆಲಸ ಕೇಳುವ ಶಕ್ತಿಯ ಪರೀಕ್ಷೆ. ಕಿವಿಯ ಹಾಲೆ ಇಲ್ಲದ ಕಡೆ ಒಳಗಿನ ನಾಳವೂ ಮುಚ್ಚಿರುವುದು ಸಾಮಾನ್ಯ, ಮಾತು ಕಲಿಯುವ ವರ್ಷಗಳು ಮಾತ್ರ ಕಾಯುವುದಿಲ್ಲ.

ಕಾನೂನಿನಲ್ಲಿ ಒಪ್ಪಿಗೆಯ ವಿಚಾರ ಚದುರಿಕೊಂಡಿದೆ. ಹನ್ನೆರಡಕ್ಕಿಂತ ಕೆಳಗಿನ ಮಗುವಿನ ಹಿತಕ್ಕಾಗಿ ಪೋಷಕರ ಒಪ್ಪಿಗೆಯಿಂದ ಸದುದ್ದೇಶದಿಂದ ಮಾಡಿದ ಕಾರ್ಯ ಅಪರಾಧವಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ 27ನೆಯ ಕಲಂ ಹೇಳುತ್ತದೆ. ಆದರೆ ತೀವ್ರ ಸ್ವರೂಪದ ಗಾಯವಾಗುವಂಥದ್ದಾದರೆ ಸಾವನ್ನೋ ಅಂಥ ಗಾಯವನ್ನೋ ತಡೆಯಲು, ಇಲ್ಲವೇ ಗಂಭೀರ ರೋಗ, ದೌರ್ಬಲ್ಯವನ್ನು ಗುಣಪಡಿಸಲು ಮಾತ್ರ ಈ ರಕ್ಷಣೆ. ರೂಪಕ್ಕಾಗಿಯೇ ಮಾಡುವ ದೊಡ್ಡ ಶಸ್ತ್ರಚಿಕಿತ್ಸೆಯನ್ನು ಈ ಮಾತಿನೊಳಗೆ ಹಿಡಿಸುವುದು ಕಷ್ಟ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 4ನೆಯ ಕಲಂ ತಮಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಅಂಗವಿಕಲ ಮಕ್ಕಳಿಗೂ ಕೊಟ್ಟಿದೆ. ಹೆಣ್ಣೋ ಗಂಡೋ ಎಂದು ಸ್ಪಷ್ಟವಾಗದ ಜನನಾಂಗಗಳೊಡನೆ ಹುಟ್ಟುವ ಶಿಶುಗಳನ್ನು ಒಂದು ಲಿಂಗಕ್ಕೆ ಹೊಂದಿಸಲು ಮಾಡುವ ಶಸ್ತ್ರಚಿಕಿತ್ಸೆಯನ್ನು ನಿಷೇಧಿಸುವಂತೆ ಮದ್ರಾಸ್ ಹೈಕೋರ್ಟ್ 2019ರ ಏಪ್ರಿಲ್‌ನಲ್ಲಿ ನಿರ್ದೇಶಿಸಿದ್ದು, ಪೋಷಕರ ಒಪ್ಪಿಗೆಯನ್ನೇ ಮಗುವಿನ ಒಪ್ಪಿಗೆಯೆಂದು ಎಣಿಸಲಾಗದು ಎಂಬ ನಿಲುವಿನಿಂದ.

ಸಮಾಜ ತಿದ್ದಿಕೊಳ್ಳಲಿ, ಮಗುವಿನ ಮುಖವನ್ನು ಬಿಡಿ ಎನ್ನುವ ವಾದ ಕೇಳಲು ನ್ಯಾಯವಾದದ್ದೇ, ಆದರೆ ಸಮಾಜ ತಿದ್ದಿಕೊಳ್ಳುವವರೆಗೆ ಶಾಲೆಯಲ್ಲಿ ಅಡ್ಡಹೆಸರು ಕೇಳಿಸಿಕೊಳ್ಳುತ್ತಾ ಕೂರಬೇಕಾದದ್ದು ಆ ಮಗುವೇ ಎಂಬುದನ್ನು ವಾದಿಸುವವರು ಮರೆಯುವುದುಂಟು. ಸೀಳುತುಟಿಯ ಚಿಕಿತ್ಸಾಕ್ರಮದಲ್ಲಿಯೇ ಇದಕ್ಕೊಂದು ದಾರಿ ಕಾಣುತ್ತದೆ. ತುಟಿ ಮೊದಲ ವರ್ಷದೊಳಗೆ, ಅಂಗುಳ ಒಂದೂವರೆ ವರ್ಷದೊಳಗೆ, ಒಸಡಿನ ಮೂಳೆಯ ಕಸಿ ಎಂಟರಿಂದ ಹನ್ನೊಂದರ ನಡುವೆ. ಇವುಗಳನ್ನು ದೇಹದ ಬೆಳವಣಿಗೆಯೇ ನಿಗದಿಪಡಿಸುತ್ತದೆ. ಓರೆಯಾಗಿ ಉಳಿದ ಮೂಗನ್ನು ನೇರಗೊಳಿಸುವ ಕೊನೆಯ ಹಂತವನ್ನು ಮಾತ್ರ ಮುಖದ ಬೆಳವಣಿಗೆ ನಿಲ್ಲುವ ಹದಿನಾರು ಹದಿನೆಂಟರವರೆಗೆ ಮುಂದೂಡಲಾಗುತ್ತದೆ, ಮತ್ತು ಆ ವಯಸ್ಸಿಗೆ ಬಂದ ಹುಡುಗನೋ ಹುಡುಗಿಯೋ ಇಷ್ಟು ಸಾಕು, ಇನ್ನು ಬೇಡ ಎಂದರೆ ಜೊತೆಗೆ ಬಂದ ಹಿರಿಯರು ಎಷ್ಟೇ ಒತ್ತಾಯಿಸಿದರೂ ಅಲ್ಲಿಗೆ ಕಡತ ಮುಚ್ಚಬೇಕು.