ರೋಲರ್ ಓಡಿದ ಮೇಲೂ ಹೊಂಡ ಯಾಕೆ?

ಕೂಳೂರು ಸಂಕದ ಹತ್ತಿರ ಬಸ್ಸು ಹೊಂಡಕ್ಕಿಳಿದು ಎದ್ದಾಗ ಡ್ರೈವರನನ್ನು ಬೈಯುವವರೇ ಹೆಚ್ಚು. ಆ ಪಾಪದವನು ಎಂತ ಮಾಡಿಯಾನು? ತಪ್ಪಿರುವುದು ಡಾಮರಿನ ಅಡಿಯಲ್ಲಿ.

ರಸ್ತೆ ಅಗೆದು ಪೈಪು ಹಾಕುತ್ತಾರೆ. ಸೊಂಟದೆತ್ತರದ ಚರಂಡಿಗೆ ಮಣ್ಣನ್ನು ಒಂದೇ ಸಲ ಸುರಿದು ಮೇಲಿನಿಂದ ರೋಲರನ್ನು ನಾಲ್ಕು ಬಾರಿ ಓಡಿಸುತ್ತಾರೆ. ನೋಡಲು ಲಾಯಕ್ ಉಂಟು! ಒಂದು ಮಳೆಗಾಲ ಕಳೆಯಲಿ, ಪೈಪು ಹೋದ ದಾರಿ ಯಾವುದೆಂದು ಶಾಲೆಯ ಮಕ್ಕಳೂ ಹೇಳಿಯಾರು.

ನಾವೆಲ್ಲ ಕಂಡ ಮೂರು ಚಕ್ರದ ರೋಲರಿನ ತೂಕ ಸಾಮಾನ್ಯವಾಗಿ 8ರಿಂದ 10 ಟನ್. ಈಗಿನ ಕಂಪಿಸುವ ರೋಲರಿನಂತೆ ಅದಕ್ಕೆ ನಡುಗುವ ವಿದ್ಯೆ ಗೊತ್ತಿಲ್ಲ, ಭಾರವೇ ಬಂಡವಾಳ. ಆ ಭಾರ ಕೆಳಗಿಳಿದಂತೆ ಹರಡಿ ಕರಗುತ್ತದೆ. ಗೇಣುದ್ದದ ಪದರವನ್ನು ಅದು ಬಿಗಿ ಮಾಡೀತು, ಅದಕ್ಕಿಂತ ಕೆಳಗಿನ ಮಣ್ಣು ಸಡಿಲವಾಗಿಯೇ ಉಳಿಯುತ್ತದೆ. ಆದ್ದರಿಂದ ಗೇಣು ಗೇಣಾಗಿ ತುಂಬಿಸಿ, ಪ್ರತಿ ಪದರವನ್ನೂ ಒತ್ತಬೇಕು. ರೋಲರು ಇಳಿಯದಷ್ಟು ಇಕ್ಕಟ್ಟಾದರೆ ಕೈಯಲ್ಲಾದರೂ ಗುದ್ದಬೇಕು. ಅಷ್ಟು ಪುರುಸೊತ್ತು ಯಾರಿಗಿದೆ ಸ್ವಾಮಿ?

ನೀರಿನ ಲೆಕ್ಕವೂ ಉಂಟು. ಅಮೆರಿಕದ ಪ್ರಾಕ್ಟರ್ ಎಂಬ ಎಂಜಿನಿಯರ್ ಇದನ್ನು 1933ರಲ್ಲೇ ಬರೆದಿಟ್ಟ. ಮಣ್ಣು ತೀರಾ ಒಣಗಿದ್ದರೂ ಬಿಗಿಯಾಗದು, ಕೆಸರಾದರೂ ಬಿಗಿಯಾಗದು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ನೀರು ಒಸರಬಾರದು. ಫಲ್ಗುಣಿ ದಡದ ಕೂಳೂರಿನಲ್ಲಿ, ವರ್ಷಕ್ಕೆ ಮೂರು ಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ, ಜೂನ್ ತಿಂಗಳಲ್ಲಿ ಮಣ್ಣು ತುಂಬಿಸಿದರೆ ರೋಲರು ಉರುಳುವುದು ಕೆಸರಿನ ಮೇಲೆಯೇ.

ಹಾಗೆಂದು ಹಳೆ ರೋಲರನ್ನು ಗುಜರಿಗೆ ಹಾಕಬೇಕಿಲ್ಲ. ಡಾಮರು ಪದರದ ಕೊನೆಯ ನುಣುಪಿಗೆ ಅದು ಒಳ್ಳೆಯದೇ. ಹಳೆಯ ಗೋಡೆ, ಸಂಕಗಳ ಪಕ್ಕದಲ್ಲಂತೂ ನಡುಗಿಸದ ರೋಲರೇ ಕ್ಷೇಮ. ಕೂಳೂರಿನ ಕಮಾನು ಸಂಕ 1952ರದ್ದು ಎಂಬುದು ನೆನಪಿರಲಿ. ಪಣಂಬೂರು ಬಂದರು ಉದ್ಘಾಟನೆಯಾದದ್ದು 1975ರಲ್ಲಿ. ಅಲ್ಲಿಂದೀಚೆಗೆ ಈ ದಾರಿಯಲ್ಲಿ ಲಾರಿಗಳ ಸಾಲು ತಪ್ಪಿಲ್ಲ. ಸಡಿಲ ಮಣ್ಣನ್ನು ಕೊನೆಗೆ ಬಿಗಿ ಮಾಡುವುದು ಆ ಲಾರಿಗಳೇ. ಹೊಂಡ ಎಂದರೆ ಅದೇ.

ಮುಂದಿನ ಸಲ ಅಂಗಡಿ ಎದುರು ಡಾಮರು ಬಿದ್ದಾಗ ಜಗಲಿಯಲ್ಲೇ ನಿಂತು ನೋಡಿ. ರೋಲರು ಅಂಚಿನಿಂದ ಶುರುಮಾಡಿ ನಡುವಿಗೆ ಬರುತ್ತಿದೆಯೇ? ಡಾಮರು ಆರುವ ಮೊದಲೇ ಓಡಿತೇ? ಚಕ್ರಕ್ಕೆ ಅಂಟದಿರಲು ಹಾಕಿದ್ದು ನೀರೋ, ಡೀಸೆಲ್ಲೋ? ಡೀಸೆಲ್ ಆದರೆ ಡಾಮರು ಮೆತ್ತಗಾಗುತ್ತದೆ. ಆಗಲೇ ಕೇಳಿಬಿಡಿ, ರೋಲರು ಹೋದ ಮೇಲೆ ಕೇಳಲು ಅಲ್ಲಿ ಯಾರೂ ಇರುವುದಿಲ್ಲ.