ಕ್ಯಾಮೆರಾ ಹಾಕುವ ಕೆಲಸ: ನಮ್ಮ ಹೆಣ್ಣುಮಕ್ಕಳು ಕಲಿಯಬಹುದೇ?



ಕಂಪಲಾಪುರದ ಒಂದು ಸಂಘದ ವಾರದ ಸಭೆ. ಉಳಿತಾಯದ ಲೆಕ್ಕ ಬರೆದು ಮುಗಿಸುವ ಹೊತ್ತಿಗೆ ಒಬ್ಬ ತಾಯಿ ಎದ್ದು ನಿಂತು ಕೇಳಿದರು: "ಸಿಸ್ಟರ್, ನನ್ ಮಗಳು ಅಂಗಡಿಗೆಲ್ಲಾ ಕ್ಯಾಮೆರಾ ಹಾಕೋ ಕೆಲಸ ಕಲೀತೀನಿ ಅಂತಾಳೆ. ಏಣಿ ಹತ್ತೋ ಕೆಲಸ ಹೆಣ್ಮಕ್ಕಳಿಗ್ಯಾಕೆ ಅಂತ ಅವರಪ್ಪ ಬೈತಾರೆ. ಸಂಘದಿಂದ ಸಾಲ ಸಿಕ್ಕುತ್ತಾ?" ಕೆಲವರು ನಕ್ಕರು. ಒಬ್ಬರು, "ಟೈಲರಿಂಗ್ ಕಲೀಲಿ ಬಿಡಿ, ಮನೇಲೇ ಇರ್ತಾಳೆ" ಅಂದರು. ಅಂದು ತೀರ್ಮಾನ ಆಗಲಿಲ್ಲ. ಏಕೆಂದರೆ ಈ ಕೆಲಸ ಎಂಥದ್ದು ಅಂತ ನಮಗ್ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ತಿಳಿಯದೆ ಬೇಡ ಅನ್ನುವುದೂ ತಪ್ಪು, ತಿಳಿಯದೆ ಸಾಲ ಕೊಡುವುದೂ ತಪ್ಪು. ಆದ್ದರಿಂದ ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಕೆಲಸ ಎಲ್ಲಿದೆ?

ಮೈಸೂರಿನಿಂದ ಮಡಿಕೇರಿ ಕಡೆ ಹೋಗುವ ಬಸ್ಸಿನಲ್ಲಿ ಕುಳಿತು ಹುಣಸೂರು, ಕಂಪಲಾಪುರ, ಪಿರಿಯಾಪಟ್ಟಣಗಳಲ್ಲಿ ಒಮ್ಮೆ ಮೇಲೆ ನೋಡಿ. ಪೆಟ್ರೋಲ್ ಬಂಕ್, ಒಡವೆ ಅಂಗಡಿ, ಶಾಲೆ, ಬ್ಯಾಂಕು, ಕಲ್ಯಾಣ ಮಂಟಪ, ಎಲ್ಲ ಕಡೆ ಕ್ಯಾಮೆರಾ ಕಾಣುತ್ತದೆ. ಇದಕ್ಕೆ ಕಾನೂನೂ ಕಾರಣ. ಕರ್ನಾಟಕ ಸಾರ್ವಜನಿಕ ಸುರಕ್ಷತೆ ಜಾರಿ ಕಾಯ್ದೆ 2017ರಲ್ಲಿ ಬಂತು. ಒಂದೇ ಸಲಕ್ಕೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಸಂಸ್ಥೆಗಳು ಕ್ಯಾಮೆರಾ ಹಾಕಿಸಿ, 30 ದಿನದ ದೃಶ್ಯ ಉಳಿಸಬೇಕು ಎನ್ನುತ್ತದೆ ಈ ಕಾಯ್ದೆ. ಪ್ರತಿ ಪೊಲೀಸ್ ಠಾಣೆಯಲ್ಲೂ ಕ್ಯಾಮೆರಾ ಇರಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಹಾಕಿದ ಕ್ಯಾಮೆರಾ ಕೆಡುತ್ತದೆ, ವೈರು ಇಲಿ ಕಡಿಯುತ್ತದೆ. ಹಾಗಾಗಿ ಹಾಕುವವರಷ್ಟೇ ರಿಪೇರಿ ಮಾಡುವವರೂ ಬೇಕು.

ಇದು ಗಂಡಸರ ಕೆಲಸವೇ?

ಮನೆ ಕಾಯಲು ಕ್ಯಾಮೆರಾ ಬಳಸುವ ಉಪಾಯಕ್ಕೆ ಮೊದಮೊದಲು ಪೇಟೆಂಟ್ ಪಡೆದವರಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ. ಆಕೆ ಅಮೆರಿಕದ ನ್ಯೂಯಾರ್ಕ್ ನಗರದ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ನರ್ಸ್. ಹೊತ್ತಲ್ಲದ ಹೊತ್ತಿನಲ್ಲಿ ಡ್ಯೂಟಿ; ಎಷ್ಟೋ ಸಲ ಮನೆಯಲ್ಲಿ ಒಬ್ಬಳೇ; ಪೊಲೀಸರಿಗೆ ಹೇಳಿದರೆ ಬರುವುದು ತಡ. ಬಾಗಿಲು ತೆಗೆಯದೆಯೇ ಹೊರಗೆ ನಿಂತವರನ್ನು ನೋಡಲು, ಅವರೊಡನೆ ಮಾತಾಡಲು, ಅಪಾಯವಾದರೆ ಗುಂಡಿ ಒತ್ತಿ ಸುದ್ದಿ ಮುಟ್ಟಿಸಲು ಆಕೆ ದಾರಿ ಹುಡುಕಿದಳು. ಎಲೆಕ್ಟ್ರಾನಿಕ್ಸ್ ಬಲ್ಲ ಗಂಡ ಜೊತೆಗೂಡಿದ. 1966ರಲ್ಲಿ ಅರ್ಜಿ ಹಾಕಿ, 1969ರ ಡಿಸೆಂಬರ್‌ನಲ್ಲಿ ಇಬ್ಬರ ಹೆಸರಿನಲ್ಲಿ ಪೇಟೆಂಟ್ ಪಡೆದರು. ಹೆಣ್ಣಿನ ಭಯದಿಂದ ಹುಟ್ಟಿದ ಈ ಉಪಾಯವನ್ನು ಹೆಣ್ಣುಮಕ್ಕಳು ಮುಟ್ಟಬಾರದು ಅನ್ನೋದು ಯಾವ ನ್ಯಾಯ?

ಕೆಲಸದಲ್ಲಿ ಏನೇನಿದೆ?

1. ಜಾಗ ನೋಡುವುದು: ಕ್ಯಾಮೆರಾ ಎಲ್ಲಿ ಹಾಕಬೇಕು ಅನ್ನುವುದೇ ಅರ್ಧ ಕೆಲಸ. ಪಡುವಣ ಬಾಗಿಲಿನ ಅಂಗಡಿಯಲ್ಲಿ ಬಾಗಿಲಿಗೆ ನೇರವಾಗಿ ಹಾಕಿದರೆ, ಸಂಜೆ ಬಿಸಿಲಿಗೆ ಒಳಗೆ ಬರುವವರ ಮುಖ ಕಪ್ಪಾಗಿ ಕಾಣುತ್ತದೆ. ತೀರಾ ಎತ್ತರಕ್ಕೆ ಹಾಕಿದರೆ ತಲೆ ಕಾಣುತ್ತದೆ, ಮುಖ ಕಾಣುವುದಿಲ್ಲ.

2. ವೈರು ಎಳೆಯುವುದು: ಗೋಡೆ ಕೊರೆದು, ಪೈಪಿನೊಳಗೆ ಕೇಬಲ್ ಹಾಯಿಸಿ, ತುದಿಗೆ ಕನೆಕ್ಟರ್ ಕೂರಿಸಬೇಕು. ಮಳೆನೀರು ವೈರಿನ ಗುಂಟ ಒಳಗಿಳಿಯದ ಹಾಗೆ ವೈರನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ ಬಿಡಬೇಕು. ಇದಕ್ಕೆ ತೋಳಿನ ಬಲಕ್ಕಿಂತ ಬೆರಳಿನ ಸೂಕ್ಷ್ಮ ಬೇಕು.

3. ಡಿ.ವಿ.ಆರ್. ಜೋಡಿಸುವುದು: ಎಲ್ಲ ಕ್ಯಾಮೆರಾಗಳ ದೃಶ್ಯ ಸೇರಿಸಿಡುವ ಪೆಟ್ಟಿಗೆಯೇ ಡಿ.ವಿ.ಆರ್. ಅದರೊಳಗಿನ ಹಾರ್ಡ್ ಡಿಸ್ಕ್ ನಮ್ಮ ಕಣಜ ಇದ್ದ ಹಾಗೆ. ತುಂಬಿದಾಗ ಹಳೆಯದನ್ನು ಅಳಿಸಿ ಹೊಸದಕ್ಕೆ ಜಾಗ ಮಾಡುತ್ತದೆ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ತುಂಬಿದರೆ ದಿನಕ್ಕೆ ಸುಮಾರು 21 ಜಿ.ಬಿ. ಆಗುತ್ತದೆ. ನಾಲ್ಕು ಕ್ಯಾಮೆರಾ ಇದ್ದರೆ 1 ಟಿ.ಬಿ.ಯ ಡಿಸ್ಕ್ 11 ದಿನಕ್ಕೇ ತುಂಬುತ್ತದೆ. 30 ದಿನದ ದೃಶ್ಯ ಬೇಕಾದವರಿಗೆ ಇದು ಸಾಲದು. ಈ ಲೆಕ್ಕವನ್ನು ಗಿರಾಕಿಗೆ ಮೊದಲೇ ಹೇಳುವವಳೇ ಒಳ್ಳೆಯ ಕೆಲಸಗಾರ್ತಿ.

4. ಅಲಾರಂ: ಬಾಗಿಲಿಗೆ ಅಯಸ್ಕಾಂತದ ಸೆನ್ಸರ್ ಹಾಕಿದರೆ ಬಾಗಿಲು ತೆರೆದ ಕೂಡಲೇ ಸೈರನ್ ಕೂಗುತ್ತದೆ. ಇನ್ನೊಂದು ಬಗೆಯದು ಓಡಾಡುವವರ ಮೈಶಾಖವನ್ನು ಗುರುತಿಸುತ್ತದೆ. ಹೊಗೆ ಕಂಡುಹಿಡಿಯುವುದನ್ನು ಅಡುಗೆಮನೆಯಲ್ಲೇ ಹಾಕಿದರೆ ಒಗ್ಗರಣೆ ಹಾಕಿದಾಗಲೆಲ್ಲ ಕೂಗೀತು!

5. ಆಮೇಲಿನ ಆರೈಕೆ: ರಾತ್ರಿ ಕ್ಯಾಮೆರಾದ ಬೆಳಕಿಗೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬಲೆ ಕಟ್ಟುತ್ತದೆ, ದೃಶ್ಯ ಮಸುಕಾಗುತ್ತದೆ. ಒರೆಸುವುದು, ಗಡಿಯಾರದ ಸಮಯ ಸರಿಪಡಿಸುವುದು, ರೆಕಾರ್ಡ್ ಆಗುತ್ತಿದೆಯೇ ನೋಡುವುದು: ಇದಕ್ಕೆ ವರ್ಷದ ಒಪ್ಪಂದ ಮಾಡಿಕೊಂಡರೆ ನಿಯಮಿತ ಆದಾಯ ಸಿಗುತ್ತದೆ.

ಜೀವಕ್ಕೆ ಎಚ್ಚರಿಕೆ

ಅವರಪ್ಪನ ಭಯ ಸುಳ್ಳಲ್ಲ. ಏಣಿಯಿಂದ ಬೀಳುವುದು, ಕರೆಂಟ್ ಹೊಡೆಯುವುದು ಇವೆರಡೇ ದೊಡ್ಡ ಅಪಾಯ. ಕ್ಯಾಮೆರಾಕ್ಕೆ ಹೋಗುವುದು ಸಾಮಾನ್ಯವಾಗಿ 12 ವೋಲ್ಟ್. ಆದರೆ ಅದರ ಅಡಾಪ್ಟರ್‌ಗೆ ಬರುವುದು 230 ವೋಲ್ಟ್. ಮೈನ್ ಆಫ್ ಮಾಡಿ, ಟೆಸ್ಟರ್‌ನಿಂದ ನೋಡಿಯೇ ಮುಟ್ಟಬೇಕು. ಒರಗಿಸುವ ಏಣಿಯಾದರೆ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡವನ್ನು ಗೋಡೆಯಿಂದ ದೂರ ಇಡಬೇಕು, ಕೆಳಗೆ ಒಬ್ಬರು ಹಿಡಿದಿರಬೇಕು. ಜೋತಾಡುವ ದುಪಟ್ಟಾ, ಬಳೆ ಬೇಡ. ರಬ್ಬರ್ ಅಡಿಯ ಶೂ, ಹೆಲ್ಮೆಟ್ ಬೇಕು. ಈ ಎಚ್ಚರಿಕೆ ಗಂಡುಮಕ್ಕಳಿಗೂ ಅಷ್ಟೇ ಬೇಕು.

ನಂಬಿಕೆಯೇ ಬಂಡವಾಳ

ಕ್ಯಾಮೆರಾ ಹಾಕುವವಳಿಗೆ ಆ ಮನೆಯ ಬೀರು ಎಲ್ಲಿದೆ, ಯಾವ ಬಾಗಿಲು ಸಡಿಲ ಎಲ್ಲಾ ಗೊತ್ತಾಗುತ್ತದೆ. ಅಲ್ಲಿ ಕಂಡದ್ದು ಅಲ್ಲೇ ಉಳಿಯಬೇಕು. ಪೆಟ್ಟಿಗೆಯ ಜೊತೆ ಬಂದ ಪಾಸ್‌ವರ್ಡ್ ಹಾಗೇ ಬಿಟ್ಟರೆ ಎಲ್ಲೋ ಕುಳಿತವರು ಇಂಟರ್ನೆಟ್ ಮೂಲಕ ನಮ್ಮ ಮನೆ ನೋಡಬಹುದು. ಆದ್ದರಿಂದ ಹೊಸ ಪಾಸ್‌ವರ್ಡನ್ನು ಯಜಮಾನರ ಕೈಯಿಂದಲೇ ಹಾಕಿಸಬೇಕು. ಬಚ್ಚಲು, ಬಟ್ಟೆ ಬದಲಿಸುವ ಕೋಣೆಗಳಿಗೆ ಕ್ಯಾಮೆರಾ ಹಾಕು ಎಂದು ಯಾರೇ ಹೇಳಿದರೂ ಆಗುವುದಿಲ್ಲ ಅನ್ನಬೇಕು. ಹೆಣ್ಣಿನ ಖಾಸಗಿ ದೃಶ್ಯ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಂತೆ ಅಪರಾಧ. ಮೊದಲ ಸಲಕ್ಕೇ 1ರಿಂದ 3 ವರ್ಷ ಜೈಲು. ಹೆಂಗಸರ ಹಾಸ್ಟೆಲ್, ಒಂಟಿ ಹೆಂಗಸಿರುವ ಮನೆ, ಇಲ್ಲೆಲ್ಲ ಕೆಲಸಕ್ಕೆ ಹೆಣ್ಣುಮಗಳೇ ಬಂದರೆ ಎಷ್ಟು ನಿರಾಳ ಎಂದು ನೀವೇ ಯೋಚಿಸಿ.

ಇನ್ನೊಂದು ಮಾತು. ಕ್ಯಾಮೆರಾ ನೋಡುತ್ತದೆ, ತಡೆಯುವುದಿಲ್ಲ. 2013ರ ನವೆಂಬರ್‌ನಲ್ಲಿ ಬೆಂಗಳೂರಿನ ಒಂದು ಎ.ಟಿ.ಎಂ.ನಲ್ಲಿ ಮಹಿಳೆಯೊಬ್ಬರ ಮೇಲೆ ಮಚ್ಚಿನಿಂದ ಹಲ್ಲೆಯಾಯಿತು. ಎಲ್ಲವೂ ಕ್ಯಾಮೆರಾದಲ್ಲಿ ದಾಖಲಾಗಿತ್ತು. ಆದರೂ ಆರೋಪಿ ಸಿಕ್ಕಿದ್ದು 2017ರಲ್ಲಿ. ಆದ್ದರಿಂದ "ಇದು ಹಾಕಿದ್ರೆ ಕಳ್ಳತನಾನೇ ಆಗಲ್ಲ" ಅಂತ ಸುಳ್ಳು ಹೇಳಿ ವ್ಯಾಪಾರ ಮಾಡಬಾರದು.

ಕಲಿಕೆ ಮೊದಲು, ಸಾಲ ಆಮೇಲೆ

ರುಡ್‌ಸೆಟ್ ಸಂಸ್ಥೆ 1982ರಲ್ಲಿ ಉಜಿರೆಯಲ್ಲಿ ಶುರುವಾಯಿತು, ಮೈಸೂರಿನಲ್ಲೂ ಇದೆ. ಈ ಬಗೆಯ ಸಂಸ್ಥೆಗಳ ಪಟ್ಟಿಯಲ್ಲಿ ಸಿ.ಸಿ. ಟಿವಿ, ಅಲಾರಂ ಅಳವಡಿಕೆಯ 13 ದಿನದ ತರಬೇತಿ ಸೇರಿದೆ. ಊಟ, ವಸತಿ ಸಹಿತ ಉಚಿತ. ಮುಂದಿನ ತಂಡ ಯಾವಾಗ ಎಂದು ಕೇಳಿಕೊಂಡು ಹೋಗಿ. 13 ದಿನದಲ್ಲಿ ಎಲ್ಲಾ ಬಂದುಬಿಡುವುದಿಲ್ಲ. ಆಮೇಲೆ ಕೆಲವು ತಿಂಗಳು ಅನುಭವಸ್ಥರ ಕೈಕೆಳಗೆ ಪಳಗಬೇಕು. ಸಾಲ ಕೊಡಬೇಕಾದ್ದು ಆಗ. ಅದೂ ಡ್ರಿಲ್ಲಿಂಗ್ ಮಿಷನ್, ಏಣಿ, ಮೀಟರ್, ಕೈ ಉಪಕರಣಗಳಿಗೆ ಮಾತ್ರ. ಗಿರಾಕಿಯ ಕ್ಯಾಮೆರಾ ಕೊಳ್ಳಲು ಸಂಘದ ದುಡ್ಡು ಹಾಕಬೇಡಿ. ಸಾಮಾನಿನ ಹಣ ಮುಂಗಡ, ಕೂಲಿ ಕೆಲಸ ಮುಗಿದ ದಿನ, ಎರಡಕ್ಕೂ ರಸೀದಿ. ಉದ್ರಿ ಕೊಟ್ಟು ಮುಳುಗಿದ ಅಂಗಡಿಗಳನ್ನು ನಾವೆಲ್ಲ ನೋಡಿದ್ದೇವೆ.

ಮುಂದಿನ ಸಭೆಗೆ ಆ ಹುಡುಗಿಯನ್ನೂ ಅವರಪ್ಪನನ್ನೂ ಕರೆದಿದ್ದೇವೆ. ನಗದೆ ಕೇಳೋಣ. ತೀರ್ಮಾನ ಸಂಘದ್ದು.

ಸಭೆಯಲ್ಲಿ ಚರ್ಚಿಸಿ:

1. ನಮ್ಮೂರಿನಲ್ಲಿ ಕ್ಯಾಮೆರಾ ಇರುವ ಜಾಗ ಎಷ್ಟು? ಕೆಟ್ಟರೆ ರಿಪೇರಿಗೆ ಯಾವೂರಿಂದ ಬರುತ್ತಾರೆ?

2. ಇಬ್ಬರು ಹುಡುಗಿಯರು ಜೊತೆಯಾಗಿ ಕಲಿತರೆ ಏಣಿ ಹಿಡಿಯಲು, ಓಡಾಡಲು ಅನುಕೂಲವಲ್ಲವೇ? ಇನ್ನೊಬ್ಬಳು ಯಾರ ಮನೆಯಲ್ಲಿದ್ದಾಳೆ?