ಅರ್ಧ ಅಂಕ ಮತ್ತು ಬಾಗಿದ ಕುತ್ತಿಗೆ

ಲೆಸ್ಟರ್‌ನ ಮೊದಲ ಚಳಿಗಾಲದಲ್ಲಿ ನಾನು ಇಂಗ್ಲಿಷ್ ಓದಿದ್ದು ಹಾಸಿಗೆಯ ಮೇಲೆ. ಆರೈಕೆ ಕೇಂದ್ರದ ಪಾಳಿ ಮುಗಿಸಿ ಬಂದು, ಹೀಟರಿನ ಖರ್ಚು ಉಳಿಸಲೆಂದು ರಜಾಯಿ ಹೊದ್ದು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೂರು ಗಂಟೆ ಕೂರುತ್ತಿದ್ದೆ. ಹಾಸನದಿಂದ ಅಮ್ಮ ವಿಡಿಯೋ ಕರೆ ಮಾಡಿದಾಗಲೆಲ್ಲ ಒಂದೇ ಮಾತು: "ಅದ್ಯಾಕೆ ಹಾಗೆ ಮುದುಡಿ ಕೂತಿದ್ದೀಯೇ? ನೆಟ್ಟಗೆ ಕೂತ್ಕೋ."

ಊರಿನಲ್ಲಿ ನರ್ಸ್ ಆಗಿದ್ದವರು ಇಲ್ಲಿ ನೋಂದಣಿಗೆ ಐಇಎಲ್‌ಟಿಎಸ್ ಪರೀಕ್ಷೆಯನ್ನು ಆಯ್ದುಕೊಂಡರೆ ಆಲಿಸುವಿಕೆ, ಓದು ಮತ್ತು ಮಾತಿನಲ್ಲಿ 7, ಬರವಣಿಗೆಯಲ್ಲಿ 6.5 ಅಂಕ ಪಡೆಯಬೇಕು. ನನಗೆ ಬರವಣಿಗೆಯಲ್ಲಿ 6 ಬಂದಿತು. ಮಾತಿನ ಪರೀಕ್ಷೆಯೊಂದನ್ನು ಬಿಟ್ಟರೆ ಉಳಿದ ಮೂರೂ ವಿರಾಮವಿಲ್ಲದೆ ಎರಡೂವರೆ ಗಂಟೆಗೂ ಮೀರಿ ಸಾಗುತ್ತವೆ. ಕೊನೆಯ 250 ಪದಗಳ ಪ್ರಬಂಧಕ್ಕೆ ಬರುವಷ್ಟರಲ್ಲಿ ಕುತ್ತಿಗೆಯ ಸೆಳೆತ ತೋಳಿಗಿಳಿದು, ಬೆರಳುಗಳು ಜೋಮು ಹಿಡಿದಿದ್ದವು.

ಫಿಸಿಯೋಥೆರಪಿಸ್ಟ್ ಮೊದಲು ಕೇಳಿದ್ದು ನಾನು ಎಲ್ಲಿ ಕುಳಿತು ಓದುತ್ತೇನೆಂದು. ಸುಮಾರು ಐದು ಕಿಲೋ ತೂಗುವ ತಲೆ ಮುಂದಕ್ಕೆ ಬಾಗಿದಷ್ಟೂ ಕುತ್ತಿಗೆಯ ಸ್ನಾಯುಗಳಿಗೆ ಹೊರೆ ಹೆಚ್ಚೆಂದರು. ನಾಚಿಕೆಯಾಯಿತು. ಹಾಸಿಗೆ ಹಿಡಿದ ರೋಗಿಗಳಿಗೆ ಹುಣ್ಣಾಗದಿರಲೆಂದು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದವಳು ನಾನೇ ಅಲ್ಲವೇ!

ಓದು ಅಡುಗೆಮನೆಯ ಮೇಜಿಗೆ ಬಂದಿತು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಒಂದು ತೋಳಿನಷ್ಟು ದೂರದಲ್ಲಿ ಬರುವಂತೆ ಲ್ಯಾಪ್‌ಟಾಪನ್ನು ರಟ್ಟಿನ ಪೆಟ್ಟಿಗೆಯ ಮೇಲೇರಿಸಿ, ಬೇರೊಂದು ಕೀಲಿಮಣೆ ಕೊಂಡೆ. ತೊಂದರೆಯಾದದ್ದು ಕುರ್ಚಿಯಿಂದ. ಇಲ್ಲಿಯವರ ಎತ್ತರಕ್ಕೆ ಮಾಡಿದ ಕುರ್ಚಿಯಲ್ಲಿ ನನ್ನ ಕಾಲು ನೆಲ ಮುಟ್ಟದು. ಹತ್ತಿರವಿದ್ದದ್ದು ಅಕ್ಕಿಯ ಚೀಲ, ಆದರೆ ಅನ್ನದ ಮೇಲೆ ಕಾಲಿಡಲು ಮನಸ್ಸು ಬರಲಿಲ್ಲ. ಪುಸ್ತಕದ ಮೇಲಂತೂ ಆಗದ ಮಾತು. ಕೊನೆಗೆ ಊರಿನಿಂದ ತಂದ ಚಿಕ್ಕ ಸೂಟ್‌ಕೇಸನ್ನೇ ಅಡ್ಡ ಮಲಗಿಸಿ ಪಾದ ಊರಿದೆ. ಅಚ್ಚಿನ ಪುಸ್ತಕ ಬಿಡಿಸಿದಾಗ ಅಜ್ಜನ ನೆನಪಾಯಿತು. ಭಾರತ ಓದುವಾಗ ಅವರು ಗ್ರಂಥವನ್ನು ವ್ಯಾಸಪೀಠದ ಮೇಲೆ ಇರಿಸುತ್ತಿದ್ದರು. ಪುಸ್ತಕವೇ ಕಣ್ಣಿನತ್ತ ಏರುತ್ತಿದ್ದುದರಿಂದ ಅವರು ಅಷ್ಟಾಗಿ ಬಗ್ಗಬೇಕಾಗುತ್ತಿರಲಿಲ್ಲ. ನಾನೂ ಅಡುಗೆ ಪುಸ್ತಕ ನಿಲ್ಲಿಸುವ ಮರದ ಹಲಗೆಯೊಂದನ್ನು ತಂದುಕೊಂಡೆ.

ಎಷ್ಟೇ ನೆಟ್ಟಗೆ ಕುಳಿತರೂ ಅಲುಗಾಡದೆ ಕುಳಿತರೆ ಮೈ ಹಿಡಿಯುತ್ತದೆ. ಅರ್ಧ ಗಂಟೆಗೊಮ್ಮೆ ಏಳತೊಡಗಿದೆ. ಮಾತಿನ ಅಭ್ಯಾಸವೆಲ್ಲ ನಡೆದಾಡುತ್ತಲೇ ನಡೆಯಿತು, ಗೋಡೆಯಾಚೆಯವರು ಏನೆಂದುಕೊಂಡರೋ!

ಎರಡನೆಯ ಬಾರಿ ಬರವಣಿಗೆಯಲ್ಲಿ 6.5 ಬಂದಿತು. ಆ ಅರ್ಧ ಅಂಕವನ್ನು ಬೆನ್ನು ತಂದುಕೊಟ್ಟಿತೆಂದು ಹೇಳಲಾರೆ, ವ್ಯಾಕರಣವನ್ನೂ ತಿದ್ದಿಕೊಂಡಿದ್ದೆ. ಆದರೆ ಕೊನೆಯ ಸಾಲಿನವರೆಗೂ ಬೆರಳುಗಳು ನನ್ನವಾಗಿಯೇ ಇದ್ದವು. ಈಗ ಆ ರಟ್ಟಿನ ಪೆಟ್ಟಿಗೆ, ಹಲಗೆಗಳೆರಡೂ ಪಕ್ಕದ ಕೋಣೆಯ ಕೇರಳದ ಹುಡುಗಿಯ ಬಳಿ ಇವೆ. ಅವಳು ನನಗಿಂತ ಎತ್ತರ, ಸೂಟ್‌ಕೇಸ್ ಬೇಡವೆಂದಳು.